ಹಸಿರು ಮುಚ್ಚಳದ ಟ್ಯೂಬು

ಕಲಬುರಗಿಯಲ್ಲಿ ನೇತ್ರದಾನದ ಕಣ್ಣು ತೆಗೆಯುವ ಟೆಕ್ನಿಷಿಯನ್ ನಾನು. ಕಾರ್ನಿಯಾ ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ. ಅದರ ಕಸಿಗೆ ಟಿಶ್ಯೂ ಟೈಪಿಂಗ್, ಅಂದರೆ ದಾನಿಯ ಮತ್ತು ರೋಗಿಯ ಜೀವಕೋಶದ ಗುರುತು ಹೊಂದುತ್ತವೆಯೇ ಎಂದು ನೋಡುವ ಪರೀಕ್ಷೆ, ನಾವು ಸಾಮಾನ್ಯವಾಗಿ ಮಾಡುವುದಿಲ್ಲ. ಕಾರ್ನಿಯಾದಲ್ಲಿ ರಕ್ತನಾಳವೇ ಇಲ್ಲ ಅಲ್ವಾ, ಕಿಡ್ನಿಯಂತೆ ಹೊಂದಿಸಿ ನೋಡದಿದ್ದರೂ ಹೆಚ್ಚಿನವರಿಗೆ ನಿಲ್ಲುತ್ತದೆ. ಆದರೆ ಆ ಸಲ ಕಾಯುತ್ತಿದ್ದ ಹೆಣ್ಣುಮಗಳಿಗೆ ಎರಡು ಸಲ ಕಸಿಯಾಗಿ ಎರಡನ್ನೂ ದೇಹ ಒಪ್ಪಿರಲಿಲ್ಲ, ಕಾರ್ನಿಯಾದೊಳಕ್ಕೆ ರಕ್ತನಾಳ ನುಗ್ಗಿದ್ದವು. 1992ರಲ್ಲಿ ಬಂದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಇಂಥವರಿಗೂ ಎಚ್‌ಎಲ್‌ಎ (ಟೈಪಿಂಗ್‌ನಲ್ಲಿ ನೋಡುವ ಆ ಗುರುತು) ಹೊಂದಿಸಿದ್ದರಿಂದ ಲಾಭ ಕಾಣಲಿಲ್ಲ, ರಕ್ತದ ಗುಂಪು ಹೊಂದಿದರೆ ಅನುಕೂಲ ಆಗಬಹುದು ಎಂದಿದ್ದರು. ಡಾಕ್ಟರು ಮಾತ್ರ ಎರಡನ್ನೂ ನೋಡೋಣ ಎಂದರು. ನನಗೂ ಅದೇ ಸರಿ ಅನಿಸಿತು, ಆಕೆಗೆ ಇನ್ನೊಂದು ಸೋಲು ಬೇಡವಾಗಿತ್ತು.

ಮೇ ತಿಂಗಳು. ಆಳಂದ ಕಡೆಯ ಹಳ್ಳಿಯಿಂದ ಫೋನ್ ಬಂತು. ಫ್ಯಾನ್ ಬಂದ್ ಮಾಡಿ, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ತಲೆ ಕೆಳಗೆ ದಿಂಬು ಕೊಡಿ ಅಂತ ದಾರಿಯಿಂದಲೇ ಹೇಳುತ್ತಾ ಹೋದೆ. ಜೀವ ಹೋದ ಆರು ತಾಸಿನೊಳಗೆ ಕಣ್ಣು ತೆಗೆಯಬೇಕು, ನಮ್ಮ ಬಿಸಿಲಿಗೆ ಅಷ್ಟೂ ಕಾಯಬಾರದು. "ಅಪ್ಪನ ಮುಖ ಕೆಡ್ತದೇನ್ರಿ ಅಣ್ಣಾರ?" ಅಂತ ಮಗ ಕೇಳಿದ. ಇಲ್ಲಪ್ಪ, ರೆಪ್ಪೆ ಮುಚ್ಚಿದರೆ ಗೊತ್ತೇ ಆಗಲ್ಲ ಎಂದೆ.

ಮೊದಲು ತೊಡೆಯ ದೊಡ್ಡ ರಕ್ತನಾಳದಿಂದ ರಕ್ತ ತೆಗೆದೆ. ಎಚ್‌ಐವಿ, ಕಾಮಾಲೆ, ಸಿಫಿಲಿಸ್ ಪರೀಕ್ಷೆಗೆ ಕೆಂಪು ಮುಚ್ಚಳದ ಟ್ಯೂಬು ತುಂಬಿತು. ಟೈಪಿಂಗ್‌ಗೆ ಬೇಕಿದ್ದದ್ದು ನೇರಳೆ ಮುಚ್ಚಳದ್ದು, ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುವುದು. ಅದು ಚೀಲದಲ್ಲಿ ಮುಗಿದಿತ್ತು. ಹಸಿರಿನದೂ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಲ್ಲ, ನಡೆದೀತು ಅಂದುಕೊಂಡು ಅದಕ್ಕೇ ಹಾಕಿದೆ.

ಮರುದಿನ ಲ್ಯಾಬಿನಿಂದ ಫೋನ್. ಹಸಿರು ಟ್ಯೂಬಿನಲ್ಲಿ ಹೆಪ್ಪು ತಡೆಯಲು ಹಾಕಿರುವ ಹೆಪಾರಿನ್, ಟೈಪಿಂಗ್‌ಗಾಗಿ ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್‌ಗೆ ಅಡ್ಡ ಬರುತ್ತದೆ, ಟೈಪಿಂಗ್ ಆಗಲ್ಲ. ರಕ್ತದ ಗುಂಪು ಮಾತ್ರ ಸಿಕ್ಕಿತ್ತು. ಅಂತ್ಯಕ್ರಿಯೆ ಮುಗಿದಿತ್ತು, ಮತ್ತೆ ರಕ್ತ ಎಲ್ಲಿಂದ ತರಲಿ? ಆ ರಾತ್ರಿ ನಿದ್ದೆ ಬರಲಿಲ್ಲ.

ನಾನು ಇಡೀ ಕಣ್ಣುಗುಡ್ಡೆ ತಂದಿದ್ದರಿಂದ ಒಂದು ದಾರಿ ಉಳಿಯಿತು. ಕಾರ್ನಿಯಾ ಕತ್ತರಿಸಿಕೊಂಡ ಮೇಲೆ ಉಳಿದ ಭಾಗವನ್ನು ಫ್ರಿಜ್ಜಿನಲ್ಲಿಟ್ಟಿದ್ದೆವು. ಅದರ ರೆಟಿನಾದಿಂದ ಡಿಎನ್‌ಎ ತೆಗೆದರು. ಕಾರ್ನಿಯಾ 14 ದಿನ ಇಡಬಹುದಾದ ದ್ರಾವಣದಲ್ಲಿತ್ತು, ಎಂಕೆ ಮೀಡಿಯಂ ಎಂಬ ಇನ್ನೊಂದು ದ್ರಾವಣದಲ್ಲಿ ಇಟ್ಟಿದ್ದರೆ ನಾಲ್ಕೇ ದಿನ, ವರದಿ ಬರುವಷ್ಟರಲ್ಲಿ ಅವಧಿ ಮುಗಿದಿರುತ್ತಿತ್ತು. ಎಚ್‌ಎಲ್‌ಎ ಅರ್ಧಂಬರ್ಧ ಹೊಂದಿತು, ರಕ್ತದ ಗುಂಪು ಪೂರ್ತಿ. ಆರನೇ ದಿನ ಆಕೆಗೆ ಹಾಕಿದರು.

ಈಗ ಹೊರಡುವ ಮೊದಲು ಎರಡು ನೇರಳೆ ಟ್ಯೂಬಿಗೆ ಹೆಸರು, ಹೊತ್ತು ಬರೆಯಲು ಚೀಟಿ ಅಂಟಿಸಿ, ಕಣ್ಣಾರೆ ನೋಡಿಯೇ ಚೀಲ ಮುಚ್ಚುತ್ತೇನೆ.