ಪ್ರೈಡ್‌ಗೆ ಹೋಗೋರ ಚೀಲದಲ್ಲಿ ಕೊಬ್ಬರಿ ಎಣ್ಣೆ ಇರಲಿ

ದಾವಣಗೆರೆಯಿಂದ ಬೆಂಗಳೂರಿನ ಪ್ರೈಡ್ ಮೆರವಣಿಗೆಗೆ (ಸಲಿಂಗಿಗಳು, ಟ್ರಾನ್ಸ್ ಜನರ ಹೆಮ್ಮೆಯ ನಡಿಗೆ) ಹೋಗಿ ಅದೇ ರಾತ್ರಿ ರೈಲಿಗೆ ವಾಪಸ್ ಬರೋರು ಮೇಕಪ್ ತೆಗೆಯೋಕೆ ಸಣ್ಣ ಬಾಟಲಿಯಲ್ಲಿ ಕೊಬ್ಬರಿ ಎಣ್ಣೆ, ಜೊತೆಗೆ ಹಳೇ ಪಂಚೆ ತುಂಡು ಇಟ್ಕೊಳ್ಳಿ. ಕಾಡಿಗೆ, ಲಿಪ್‌ಸ್ಟಿಕ್ ಮೇಲೆ ಎಣ್ಣೆ ಸವರಿ, ಅರ್ಧ ನಿಮಿಷ ಬಿಟ್ಟು ಒರೆಸಿ. ಅವುಗಳಲ್ಲಿರೋದು ಮೇಣ, ಎಣ್ಣೆ. ನೀರಿಗೆ ಜಗ್ಗಲ್ಲ, ಎಣ್ಣೆಗೆ ಕರಗುತ್ತೆ. ಬರೀ ನೀರು ಹಾಕಿದ್ರೆ ಕಾಡಿಗೆ ಕೆನ್ನೆತನಕ ಇಳಿದು ಇನ್ನೂ ಎದ್ದು ಕಾಣುತ್ತೆ. ಗ್ಲಿಟರ್ ಕರಗಲ್ಲ, ಎಣ್ಣೆಗೆ ಅಂಟಿ ಬಟ್ಟೆಗೆ ಬರುತ್ತೆ. ಕಣ್ಣಿನ ಹತ್ತಿರ ಮಾತ್ರ ಉಜ್ಜಬೇಡಿ, ಒತ್ತಿ ತೆಗೀರಿ. ನೈಲ್ ಪಾಲಿಶ್‌ಗೆ ಇದು ನಡೆಯಲ್ಲ, ಕೂದಲಿಗೆ ಸಿಕ್ಕ ಗ್ಲಿಟರ್‌ಗೂ ಅಷ್ಟಕ್ಕಷ್ಟೆ. ಮನೇಲಿ ಹೇಳದೆ ಬಂದೋರು ಹುಬ್ಬಿನ ಸಂದಿ, ಕಿವಿ ಹಿಂದೆ ರೈಲು ಹತ್ತೋ ಮೊದಲೇ ನೋಡ್ಕೊಳ್ಳಿ. ದಾವಣಗೆರೆಗೆ ಮೊದಲು ಸಿಗೋ ಚಿಕ್ಕಜಾಜೂರು ದಾಟಿದ ಮೇಲೆ ನೆನಪಾದ್ರೆ ಬೋಗಿಯ ನಲ್ಲಿ ನೀರೇ ಗತಿ.