ಕಲಾ ಕಾಲೇಜಿಗೆ ಸೇರುವ ಮೊದಲು ಅಲ್ಲಿ ಒಂದು ಪೂರ್ತಿ ದಿನ ಕಳೆಯಿರಿ

ಬಿ.ಎ. ಓದಲು ಕಾಲೇಜು ಹುಡುಕುವವರು ಸಾಮಾನ್ಯವಾಗಿ ಮೂರು ಮಾತು ಕೇಳುತ್ತಾರೆ: ಫೀ ಎಷ್ಟು, ಯಾವ ವಿಷಯಗಳಿವೆ, ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ. ಮೂರಕ್ಕೂ ಫೋನಿನಲ್ಲೇ ಉತ್ತರ ಸಿಗುತ್ತದೆ. ಆರು ಸೆಮಿಸ್ಟರ್ ಕಳೆಯಬೇಕಾದ ಜಾಗದ ವಾತಾವರಣ ಹೇಗಿದೆ ಅನ್ನುವುದಕ್ಕೆ ಮಾತ್ರ ಕಾಲು ಸವೆಸಬೇಕು. ಸಾವಿರಾರು ವಿದ್ಯಾರ್ಥಿಗಳಿರುವ ಕಡೆ ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದು ಸಿಕ್ಕೀತು. ಮುನ್ನೂರು, ನಾನೂರು ಹುಡುಗರ ಸಣ್ಣ ಕಾಲೇಜಿನಲ್ಲಿ ಇರುವುದು ಒಂದೇ ಕಟ್ಟೆ, ಒಂದೇ ಲೈಬ್ರರಿ, ಒಂದೊಂದು ವಿಭಾಗಕ್ಕೆ ಇಬ್ಬರೋ ಮೂವರೋ ಮಾಸ್ತರು. ಅಲ್ಲಿಯ ಗಾಳಿ ಒಗ್ಗಿದರೆ ಅಂಥ ಕಾಲೇಜಿನಷ್ಟು ಚೊಲೋ ಜಾಗ ಮತ್ತೊಂದಿಲ್ಲ. ಒಗ್ಗದಿದ್ದರೆ ಮೂರು ವರ್ಷ ಬರೀ ಹಾಜರಿ ಹಾಕಿಸುವುದೇ ಆಗುತ್ತದೆ.

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಇದನ್ನು ಅಳೆಯಲು ನಾವು ನಂಬುವ ಅಳತೆ ಒಂದೇ: ಕೊನೆಯ ಪೀರಿಯಡ್ ಮುಗಿದ ಮೇಲೆ ಎಷ್ಟು ಮಂದಿ ಉಳಿಯುತ್ತಾರೆ, ಏನು ಮಾಡುತ್ತ ಉಳಿಯುತ್ತಾರೆ. ಮುಂದೆ ಹೇಳುವುದೆಲ್ಲ ಆ ಎರಡು ತಾಸಿನ ಹೊತ್ತನ್ನು ಸರಿಯಾಗಿ ನೋಡುವುದಕ್ಕಾಗಿ.

ಯಾವ ದಿನ ಹೋಗಬೇಕು

ಸ್ನೇಹ ಸಮ್ಮೇಳನ, ಸಾಂಪ್ರದಾಯಿಕ ದಿನ, ಸ್ವಾಗತ ಸಮಾರಂಭ ಇರುವ ದಿನ ಹೋಗಬೇಡಿ. ಇಳಕಲ್ ಸೀರೆ, ಧೋತರ, ರುಮಾಲು ಎಲ್ಲ ಕಣ್ತುಂಬ ಕಾಣುತ್ತವೆ, ಕಾಲೇಜು ಕಾಣುವುದಿಲ್ಲ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿಕೊಳ್ಳಿ. ಶನಿವಾರ ಅರ್ಧ ದಿನ. ಸೋಮವಾರ ಊರಿಗೆ ಹೋದವರು ಇನ್ನೂ ತಿರುಗಿ ಬಂದಿರುವುದಿಲ್ಲ. ಇಂಟರ್ನಲ್ ಪರೀಕ್ಷೆಯ ವಾರವೂ ಬೇಡ.

ಹಬ್ಬ ಮತ್ತು ಹೊಲದ ಲೆಕ್ಕವನ್ನೂ ಇಟ್ಟುಕೊಳ್ಳಿ. ನಾಗರಪಂಚಮಿಯ ವಾರ ಹುಡುಗಿಯರ ಬೆಂಚು ಖಾಲಿ ಇರುವುದು ನಮ್ಮ ಕಡೆ ಸಹಜ. ಅದನ್ನು ನೋಡಿ ಕಾಲೇಜೇ ಸತ್ತಿದೆ ಅಂದುಕೊಂಡರೆ ತಪ್ಪಾಗುತ್ತದೆ. ಗದಗ ಸೀಮೆಯಲ್ಲಿ ಹೆಸರುಕಾಳು ಬಿಡಿಸುವ ಹೊತ್ತಿಗೆ, ಮುಂದೆ ಹಿಂಗಾರಿ ಬಿತ್ತನೆಯ ಹೊತ್ತಿಗೆ ಹಾಜರಿ ಇಳಿಯುತ್ತದೆ. ಆ ದಿನಗಳಲ್ಲೇ ಹೋಗಬೇಕಾಗಿ ಬಂದರೆ ಒಂದು ಪ್ರಶ್ನೆ ತಪ್ಪದೇ ಕೇಳಿ: ಹೊಲಕ್ಕೆ ಹೋದ ಹುಡುಗರಿಗೆ ಬಿಟ್ಟುಹೋದ ಪಾಠ ಯಾರು ಹೇಳಿಕೊಡುತ್ತಾರೆ? "ಶೇ. 75 ಹಾಜರಿ ಬೇಕು, ಇಲ್ಲಾಂದ್ರ ಪರೀಕ್ಷಾಕ್ಕ ಕೂಡ್ಸೂದಿಲ್ಲ" ಎಂದಷ್ಟೇ ಹೇಳುವ ಕಾಲೇಜು ಬೇರೆ. "ಮಾಸ್ತರು ಶನಿವಾರ ಕರಕೊಂಡು ಕುಂದರತಾರ್ರಿ" ಅನ್ನುವ ಕಾಲೇಜು ಬೇರೆ.

ಹೋಗುವ ಮೊದಲು ಒಂದು ತಾಸು

ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ದರ್ಜೆ ಕೊಡುವ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇದ್ದರೆ ಅದರ ಜಾಲತಾಣದಲ್ಲಿ ಸ್ವಯಂ ಅಧ್ಯಯನ ವರದಿ ಮತ್ತು ವರ್ಷ ವರ್ಷದ ಗುಣಮಟ್ಟ ವರದಿ ಇರುತ್ತವೆ. ಬರೀ ದರ್ಜೆ ನೋಡಿ ಬಿಡಬೇಡಿ. ಸಾಮಾನ್ಯವಾಗಿ ಐದು ವರ್ಷಕ್ಕೆ ಕೊಡುವ ಆ ದರ್ಜೆಯ ಮುಂದೆ ಯಾವ ವರ್ಷದ್ದು ಎಂದು ಬರೆದುಕೊಳ್ಳಿ. ಏಳು ಮಾನದಂಡಗಳಲ್ಲಿ ನಿಮಗೆ ಬೇಕಾದವು ಎರಡು: ಐದನೆಯದು ವಿದ್ಯಾರ್ಥಿಗಳಿಗೆ ಸಿಗುವ ಬೆಂಬಲ, ಏಳನೆಯದು ಮೌಲ್ಯಗಳು ಮತ್ತು ಉತ್ತಮ ರೂಢಿಗಳು. ಬರಹಕ್ಕಿಂತ ಫೋಟೋಗಳನ್ನು ನಿಧಾನಕ್ಕೆ ನೋಡಿ. ಹತ್ತು ಕಾರ್ಯಕ್ರಮದ ಹತ್ತು ಫೋಟೋದಲ್ಲಿ ಮೈಕ್ ಹಿಡಿದವರು ಯಾರು? ಎಲ್ಲದರಲ್ಲೂ ಅತಿಥಿಗಳು, ಶಾಲು, ಹಾರ, ಬ್ಯಾನರ್ ಮಾತ್ರ ಇದ್ದು ಹುಡುಗರು ಕೆಳಗೆ ಕೂತ ಬೆನ್ನುಗಳಾಗಿಯಷ್ಟೇ ಕಂಡರೆ, ಆ ಕಾಲೇಜಿನಲ್ಲಿ ವೇದಿಕೆ ಯಾರದು ಎಂಬುದು ಗೊತ್ತಾಯಿತು.

ಕ್ಲಾಸಿನಲ್ಲಿ ಕೂರಬೇಕೆಂದರೆ ಪ್ರಾಚಾರ್ಯರಿಗೆ ನಾಲ್ಕು ಸಾಲಿನ ಅರ್ಜಿ ಸಾಕು: ಹೆಸರು, ಪಿಯುಸಿ ಮುಗಿಸಿದ ಊರು, ಸೇರಬೇಕೆಂದಿರುವ ವಿಷಯ, "ಈ ದಿನ ಒಂದೆರಡು ತರಗತಿಗಳಲ್ಲಿ ಕುಳಿತು ಕೇಳಲು ಅನುಮತಿ ಕೊಡಬೇಕಾಗಿ ವಿನಂತಿ". ಪಿಯುಸಿ ಅಂಕಪಟ್ಟಿಯ ಝೆರಾಕ್ಸ್ ಜೊತೆಗಿರಲಿ. ಅನುಮತಿ ಸಿಗದಿದ್ದರೂ ಅರ್ಜಿ ಕೊಟ್ಟಾಗ ಆಫೀಸಿನವರು ಹೇಗೆ ಮಾತಾಡಿಸಿದರು ಎನ್ನುವುದನ್ನು ಮರೆಯಬೇಡಿ. ನಾಳೆ ಸ್ಕಾಲರ್‌ಶಿಪ್ ಅರ್ಜಿ, ಬಸ್ ಪಾಸ್, ಪರೀಕ್ಷಾ ಫೀ ಎಂದು ವರ್ಷಕ್ಕೆ ಹತ್ತು ಸಲ ನಿಲ್ಲಬೇಕಾದ ಕಿಟಕಿ ಅದೇ.

ಮುಂಜಾನೆಯಿಂದ ಮಧ್ಯಾಹ್ನ

ಮೊದಲ ಗಂಟೆ ಹೊಡೆಯುವ ಅರ್ಧ ತಾಸು ಮೊದಲೇ ಗೇಟಿನ ಎದುರು ಇರಿ. ಕೆಲವು ಕಲಾ ಕಾಲೇಜುಗಳು ಬೆಳಗಿನ ಪಾಳಿಯಲ್ಲಿ ನಡೆಯುತ್ತವೆ, ಹಾಗಾಗಿ ಹಿಂದಿನ ದಿನವೇ ವೇಳೆ ಕೇಳಿಕೊಳ್ಳಿ. ಹುಡುಗರು ಯಾವ ಬಸ್ಸಿಗೆ ಇಳಿಯುತ್ತಾರೆ ನೋಡಿ. ಮುಂಡರಗಿ, ರೋಣ, ಶಿರಹಟ್ಟಿ ಕಡೆಯಿಂದ ಗದಗಕ್ಕೆ, ಹಾನಗಲ್ಲ, ಸವಣೂರು, ಬ್ಯಾಡಗಿ ಕಡೆಯಿಂದ ಹಾವೇರಿಗೆ, ನವಲಗುಂದ, ಕಲಘಟಗಿ ಕಡೆಯಿಂದ ಹುಬ್ಬಳ್ಳಿ-ಧಾರವಾಡಕ್ಕೆ ದಿನಾ ಓಡಾಡುವವರು ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಟಿಕೆಟ್ ಖರ್ಚು ಉಳಿದಿದೆ, ಬಸ್ಸಿನ ವೇಳೆ ಮಾತ್ರ ಮೊದಲಿನಂತೆಯೇ ಕೈಕಟ್ಟುತ್ತದೆ. ಮೊದಲ ಪೀರಿಯಡ್‌ಗೆ ಹತ್ತು ನಿಮಿಷ ತಡವಾಗಿ ಬಂದ ಹಳ್ಳಿ ಹುಡುಗಿಯನ್ನು ಬಾಗಿಲಲ್ಲೇ ನಿಲ್ಲಿಸುತ್ತಾರೋ, ಸುಮ್ಮನೆ ಒಳಗೆ ಬಿಡುತ್ತಾರೋ? ಇದನ್ನು ಕಣ್ಣಾರೆ ನೋಡಬಹುದು.

ಕ್ಲಾಸಿನಲ್ಲಿ ಕೂರಲು ಬಿಟ್ಟರೆ ಎರಡು ಬಗೆಯದ್ದರಲ್ಲಿ ಕೂರಿ: ನೂರು ಹುಡುಗರಿರುವ ಕಡ್ಡಾಯ ಭಾಷೆಯ ಕ್ಲಾಸು ಒಂದು, ಹತ್ತು ಹದಿನೈದು ಮಂದಿಯ ಐಚ್ಛಿಕ ವಿಷಯದ ಕ್ಲಾಸು ಇನ್ನೊಂದು. ಮೊದಲನೆಯದನ್ನಷ್ಟೇ ನೋಡಿ ತೀರ್ಮಾನಿಸಿದರೆ ಯಾವ ಕಾಲೇಜೂ ಪಾಸಾಗುವುದಿಲ್ಲ. ಸಣ್ಣ ಕಾಲೇಜಿನ ಜೀವ ಇರುವುದು ಎರಡನೆಯದರಲ್ಲಿ. ವಹಿಯ ಕೊನೆಯ ಹಾಳೆಯಲ್ಲಿ ಗೆರೆ ಹಾಕುತ್ತ ಹೋಗಿ: ಹುಡುಗರು ಕೇಳಿದ ಪ್ರಶ್ನೆ ಎಷ್ಟು, ಮಾಸ್ತರು ಹೆಸರು ಹಿಡಿದು ಕರೆದದ್ದು ಎಷ್ಟು, ನೋಟ್ಸ್ ಬರೆಸಿದ್ದು ಎಷ್ಟು ನಿಮಿಷ. ಹತ್ತು ಮಂದಿಯ ಕ್ಲಾಸಿನಲ್ಲೂ ಪೂರ್ತಿ ಹೊತ್ತು ನೋಟ್ಸ್ ಬರೆಸಿ, ಒಂದು ಹೆಸರೂ ಕೇಳಿಬರದಿದ್ದರೆ, ಸಣ್ಣ ಕಾಲೇಜು ಸೇರಿ ಸಿಗುವ ಲಾಭವೇ ಅಲ್ಲಿ ಇಲ್ಲ.

ವಿಭಾಗದ ಬಗ್ಗೆ ಎರಡು ವಿಚಾರ ಸ್ಪಷ್ಟ ಮಾಡಿಕೊಳ್ಳಿ. ನಿಮ್ಮ ವಿಷಯಕ್ಕೆ ಕಾಯಂ ಉಪನ್ಯಾಸಕರು ಎಷ್ಟು, ಅತಿಥಿ ಉಪನ್ಯಾಸಕರು ಎಷ್ಟು? ಬಹಳಷ್ಟು ಅತಿಥಿ ಉಪನ್ಯಾಸಕರು ಜೀವ ತೇದು ಪಾಠ ಮಾಡುತ್ತಾರೆ. ಆದರೆ ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ, ಕೊನೆಗೆ ಸಿಲಬಸ್ ಓಡಿಸಬೇಕಾಗುತ್ತದೆ. ಎರಡನೆಯದು, ಕಳೆದ ವರ್ಷ ಆ ವಿಷಯಕ್ಕೆ ಎಷ್ಟು ಹುಡುಗರು ಸೇರಿದ್ದರು? ಸಂಸ್ಕೃತ, ತತ್ತ್ವಶಾಸ್ತ್ರ, ಸಂಗೀತದಂಥ ವಿಷಯಗಳಿಗೆ ನಾಲ್ಕೈದು ಮಂದಿಯಷ್ಟೇ ಬಂದರೆ ಆ ವಿಷಯ ನಡೆಸದೆ ಬೇರೆಯದಕ್ಕೆ ಹೋಗಲು ಹೇಳುವುದುಂಟು.

ಲೈಬ್ರರಿಗೆ ಅರ್ಧ ತಾಸು ಕೊಡಿ. ಹೊರಗಿನವರಿಗೆ ಒಳಗೆ ಬಿಡದಿದ್ದರೆ ಕೌಂಟರಿನಲ್ಲಿ ಕೇಳಿ, "ಸರ್, ಒಂದೈದು ಪುಸ್ತಕ ನೋಡಿ ಕೊಡ್ತೀನ್ರಿ" ಎಂದರೆ ಇಲ್ಲ ಅನ್ನುವವರು ಕಡಿಮೆ. ನಿಮ್ಮ ವಿಷಯದ ಐದು ಪುಸ್ತಕ ತೆಗೆದು ಒಳಹೊದಿಕೆಯ ಮೇಲೆ ಅಂಟಿಸಿದ ತಾರೀಖಿನ ಚೀಟಿ ನೋಡಿ. ನೀಲಿ ಶಾಯಿಯ ಠಸ್ಸೆ ಒಂದರ ಕೆಳಗೊಂದು ಒತ್ತಿ, ಜಾಗ ಸಾಲದೆ ಹೊಸ ಚೀಟಿ ಅಂಟಿಸಿದ್ದರೆ ಆ ಪುಸ್ತಕ ಓಡಾಡಿದೆ. ಎರಡೇ ಠಸ್ಸೆ ಬಿದ್ದು, ಕೊನೆಯದು ಎಂಟು ವರ್ಷದ ಹಿಂದಿನದಾಗಿದ್ದರೆ ಕಪಾಟಿನ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿ. ಬಾರ್‌ಕೋಡ್ ಬಂದ ಕಡೆ ಠಸ್ಸೆ ಒತ್ತುವುದು ನಿಂತಿರುತ್ತದೆ, ಅಲ್ಲಿ ಈ ಗುರುತು ಮೋಸ ಮಾಡುತ್ತದೆ. ಆಗ ಪುಟದ ಅಂಚು ನೋಡಿ. ಓದಿದ ಪುಸ್ತಕದ ಬಲಗಡೆ ಕೆಳ ಮೂಲೆ ಮಾಸಿರುತ್ತದೆ.

ನೋಟಿಸ್ ಬೋರ್ಡಿನಲ್ಲಿ ಮೊದಲು ನೋಡಬೇಕಾದದ್ದು ತಾರೀಖು. ಸೆಪ್ಟೆಂಬರ್‌ನಲ್ಲಿ ಜೂನ್ ತಿಂಗಳ ಹಾಳೆ ತೂಗಾಡುತ್ತಿದ್ದರೆ ಬೋರ್ಡ್ ಯಾರೂ ನೋಡುವುದಿಲ್ಲ ಎಂದರ್ಥ. ಹುಡುಗರ ಕೈಬರಹದ ಭಿತ್ತಿಪತ್ರಿಕೆ, ಕಬಡ್ಡಿ-ಖೊಖೊ ತಂಡದ ಪಟ್ಟಿ, ಯುವಜನೋತ್ಸವಕ್ಕೆ ಹೆಸರು ಕೊಡಲು ಹೇಳಿದ ಚೀಟಿ, ಇವು ಒಳ್ಳೆಯ ಲಕ್ಷಣ. ರ‍್ಯಾಗಿಂಗ್ ತಡೆ ಸಮಿತಿ ಮತ್ತು ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು, ಫೋನ್ ನಂಬರು ಹುಡುಗಿಯರು ಓಡಾಡುವ ಜಾಗದಲ್ಲಿ ಹಾಕಿರಬೇಕು. ರ‍್ಯಾಗಿಂಗ್ ವಿರುದ್ಧದ ರಾಷ್ಟ್ರೀಯ ಸಹಾಯವಾಣಿ 1800-180-5522. ಹುಡುಗಿಯರ ಜೊತೆ ಬಂದವರು ಅವರ ವಿಶ್ರಾಂತಿ ಕೋಣೆಯನ್ನೂ ನೋಡಿಬರಲಿ: ಚಿಲಕ ಬೀಳುತ್ತದೆಯೇ, ನೀರು ಬರುತ್ತದೆಯೇ, ಕೀಲಿ ಹಾಕಿದ್ದರೆ ತೆಗೆಸಲು ಯಾರನ್ನು ಕೇಳಬೇಕು. ಮಗಳು ಮೂರು ವರ್ಷ ನೀರು ಕುಡಿಯದೆ ಕೂರಬಾರದು.

ಚಹಾದಂಗಡಿಯ ಮಾತು

ಸಣ್ಣ ಕಾಲೇಜಿಗೆ ಕ್ಯಾಂಟೀನ್ ಇರುವುದು ಅಪರೂಪ. ಗೇಟಿನ ಹೊರಗಿನ ಚಹಾದಂಗಡಿ, ಗಿರಮಿಟ್ ಗಾಡಿಯೇ ಕ್ಯಾಂಟೀನು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಅಲ್ಲಿ ಕೂತು ಮಾತಿಗೆ ತೊಡಗಿ. "ಕಾಲೇಜ್ ಹೆಂಗೈತಿ?" ಎಂದು ಕೇಳಿದರೆ "ಚೊಲೋ ಐತ್ರಿ" ಎನ್ನುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಎಣಿಸಿ ಹೇಳಬಹುದಾದದ್ದನ್ನು ಕೇಳಬೇಕು:

"ಅಣ್ಣಾ, ನಿನ್ನೆ ಎಷ್ಟ್ ಪೀರಿಯಡ್ ಆದ್ವು?"
"ಅಕ್ಕಾರ, ಹೋದ್ ವರ್ಷ ಸ್ಟೇಜ್ ಮ್ಯಾಲೆ ಹತ್ತಿ ಏನರ ಮಾಡೀರೇನ್ರಿ?"
"ಯಾವ ಸರ್ ಮನೀಗೆ ಹೋಗಿ ಡೌಟ್ ಕೇಳಬಹುದು?"

ಮೂರು ಬೇರೆ ಬೇರೆ ಗುಂಪಿಗೆ ಇದೇ ಪ್ರಶ್ನೆ ಕೇಳಿ. ಕೊನೆಯ ಪ್ರಶ್ನೆಗೆ ಮೂರೂ ಕಡೆ ಒಂದೇ ಹೆಸರು ಬಂದರೆ ಆ ಮಾಸ್ತರ ವಿಷಯ ಯಾವುದು, ಅವರ ನಿವೃತ್ತಿಗೆ ಎಷ್ಟು ವರ್ಷ ಉಳಿದಿದೆ ಎಂದೂ ವಿಚಾರಿಸಿ. ಒಬ್ಬರ ಹೆಗಲ ಮೇಲೆ ನಿಂತ ಕಾಲೇಜು ಅವರು ಹೋದ ವರ್ಷವೇ ಬದಲಾಗುತ್ತದೆ. ಶಿಪಾಯಿ ಕಾಕಾನ ಹತ್ತಿರವೂ ಮಾತಾಡಿ. ಯಾವ ಖೋಲಿ ಸಂಜೆ ತನಕ ತೆರೆದಿರುತ್ತದೆ ಎಂಬುದು ಕೀಲಿ ಗೊಂಚಲು ಹಿಡಿದವರಿಗಷ್ಟೇ ಗೊತ್ತು.

ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಬಗ್ಗೆ ಕೇಳುವಾಗ "ಘಟಕ ಇದೆಯೇ" ಎನ್ನುವುದು ದಂಡ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ತಾಸು ಸೇವೆ ಮಾಡಬೇಕು, ಏಳು ದಿನದ ವಿಶೇಷ ಶಿಬಿರವೂ ಇರುತ್ತದೆ. ಹೋದ ಸಲ ಶಿಬಿರ ಯಾವ ಹಳ್ಳಿಯಲ್ಲಿ ನಡೆಯಿತು, ರಾತ್ರಿ ಅಲ್ಲೇ ಉಳಿದರೋ ದಿನಾ ಮನೆಗೆ ಬಂದರೋ, ರೊಟ್ಟಿ ಬಡಿದವರು ಯಾರು, ಉಂಡ ತಾಟು ತೊಳೆದವರು ಯಾರು ಎಂದು ಕೇಳಿ. ಹುಡುಗರೂ ಹುಡುಗಿಯರೂ, ಎಲ್ಲ ಓಣಿಯವರೂ ಒಂದೇ ಸಾಲಿನಲ್ಲಿ ಕೂತು ಉಂಡರೋ ಇಲ್ಲವೋ ಎಂಬುದಕ್ಕಿಂತ ದೊಡ್ಡ ಸಾಕ್ಷಿ ಕಾಲೇಜಿನ ಸಂಸ್ಕೃತಿಗೆ ಇನ್ನೊಂದಿಲ್ಲ.

ಜಿಮಖಾನಾ, ಅಂದರೆ ಆಟ-ಪಾಟದ ಚಟುವಟಿಕೆಗೆಂದು ಫೀಯಲ್ಲೇ ದುಡ್ಡು ಕಟ್ಟಿಸಿಕೊಳ್ಳುವುದು ನಮ್ಮ ಕಡೆಯ ರೂಢಿ. ಆ ದುಡ್ಡಿಗೆ ಬ್ಯಾಟು, ನೆಟ್ಟು, ಹಾರ್ಮೋನಿಯಂ ಏನಾದರೂ ಕೈಗೆ ಸಿಗುತ್ತದೆಯೇ ಎಂದು ಎರಡನೇ ವರ್ಷದವರನ್ನು ಕೇಳಿ.

ಕೊನೆಯ ಗಂಟೆ ಹೊಡೆದ ಮೇಲೆ

ಈಗ ಎದ್ದು ಹೋಗಬೇಡಿ. ಬಂದ ಕೆಲಸ ಶುರುವಾಗುವುದೇ ಇಲ್ಲಿ. ಮೊದಲ ಕಾಲು ತಾಸಿನಲ್ಲಿ ಬಸ್ಸಿನವರು ಹೊರಡುತ್ತಾರೆ, ಅವರನ್ನು ದೂಷಿಸುವಂತಿಲ್ಲ. ಆಮೇಲೆ ಮೈದಾನ, ಲೈಬ್ರರಿ, ವಿಭಾಗದ ಖೋಲಿ, ಮರದ ಕೆಳಗಿನ ಕಟ್ಟೆ, ನಾಲ್ಕೂ ಕಡೆ ಒಂದು ಸುತ್ತು ಹಾಕಿ ತಲೆ ಎಣಿಸಿ. ಮುಕ್ಕಾಲು ತಾಸು ಬಿಟ್ಟು ಮತ್ತೆ ಎಣಿಸಿ. ಮುನ್ನೂರರ ಕಾಲೇಜಿನಲ್ಲಿ ಎರಡನೇ ಸಲವೂ ಮೂವತ್ತು ಮಂದಿ ಸಿಕ್ಕರೆ ಅಲ್ಲಿ ಜೀವ ಇದೆ. ಹುಬ್ಬಳ್ಳಿ-ಧಾರವಾಡದಲ್ಲಿ ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸು ಮೇಲಿಂದ ಮೇಲೆ ಇರುವುದರಿಂದ ಇನ್ನೂ ಹೆಚ್ಚು ನಿರೀಕ್ಷಿಸಬಹುದು. ಗದಗ, ಹಾವೇರಿಯಲ್ಲಿ ಹದಿನೈದಿದ್ದರೂ ಕಡಿಮೆಯಲ್ಲ. ಆ ಹದಿನೈದರಲ್ಲಿ ಹುಡುಗಿಯರು ಎಷ್ಟು ಎಂದು ಬೇರೆ ಬರೆದುಕೊಳ್ಳಿ.

ಊರು ಕೂಡ ಕಾಲೇಜಿನ ಅಂಗಳವೇ. ಧಾರವಾಡದಲ್ಲಿ 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ, ಸಾಧನಕೇರಿಯ ಬೇಂದ್ರೆ ಭವನ, ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ ಇವೆ. ಗದಗದಲ್ಲಿ ತೋಂಟದಾರ್ಯ ಮಠದ ವಾರದ ಶಿವಾನುಭವ, ವೀರೇಶ್ವರ ಪುಣ್ಯಾಶ್ರಮದ ಸಂಗೀತ ಇದೆ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ. ಕಳೆದ ಸೆಮಿಸ್ಟರಿನಲ್ಲಿ ಮಾಸ್ತರು ಹುಡುಗರನ್ನು ಇಂಥ ಕಡೆ ಎಷ್ಟು ಸಲ ಕರೆದುಕೊಂಡು ಹೋಗಿದ್ದರು ಎಂದು ಕೇಳಿದರೆ ಸಾಕು. ಹಾಸ್ಟೆಲ್ ಅಥವಾ ಮಠದ ಪ್ರಸಾದ ನಿಲಯದಲ್ಲಿ ಇರುವವರಾದರೆ ಅಂದೇ ರಾತ್ರಿ ಊಟದ ಹೊತ್ತಿಗೆ ಅಲ್ಲಿಗೂ ಹೋಗಿ, ಸಂಜೆ ಎಷ್ಟರೊಳಗೆ ಒಳಗಿರಬೇಕು ಎಂಬ ನಿಯಮ ಕೇಳಿ. ಏಳಕ್ಕೆ ಬಾಗಿಲು ಹಾಕುವ ನಿಲಯದಲ್ಲಿದ್ದು ನಾಟಕದ ತಾಲೀಮಿಗೆ ಹೋಗುವುದು ಕಷ್ಟ.

ಅಂದಿನ ಲೆಕ್ಕವನ್ನು ಅಂದೇ ರಾತ್ರಿ ಬರೆದಿಡಿ, ಎರಡು ದಿನ ಬಿಟ್ಟರೆ ಎರಡು ಕಾಲೇಜು ಒಂದಕ್ಕೊಂದು ಕಲಸಿಹೋಗುತ್ತವೆ. ಇನ್ನೊಂದು ಕಾಲೇಜಿಗೂ ವಾರದ ಅದೇ ದಿನ ಹೋಗಿ, ಇಲ್ಲದಿದ್ದರೆ ಹೋಲಿಕೆ ತಪ್ಪುತ್ತದೆ. ಮನಸ್ಸು ಒಂದರ ಮೇಲೆ ನಿಂತ ಮೇಲೆ ಅಪ್ಪನನ್ನೋ ಅವ್ವನನ್ನೋ ಕರೆದುಕೊಂಡು ಎರಡನೇ ಸಲ ಹೋಗಿ. ಇದೆಲ್ಲ ಮೂಲ ಟಿಸಿ, ಅಂಕಪಟ್ಟಿ ಆಫೀಸಿಗೆ ಕೊಡುವ ಮೊದಲೇ ಮುಗಿಯಬೇಕು. ಕೊಟ್ಟ ಮೇಲೆ ವಾಪಸು ಪಡೆಯಲು ಅರ್ಜಿ, ಓಡಾಟ, ಫೀ ಮರಳಿ ಬರುವ ತಕರಾರು ಎಲ್ಲ ಬೆನ್ನು ಹತ್ತುತ್ತವೆ. ಪ್ರವೇಶದ ಕೊನೆಯ ತಾರೀಖಿಗೆ ಹತ್ತು ದಿನವಾದರೂ ಇರುವಾಗ ಮೊದಲ ಭೇಟಿ ಆಗಿರಲಿ.