ಭತ್ತದ ಲೆಕ್ಕಕ್ಕೆ ನನ್ನ ಪೋಸ್ಟ್‌ಡಾಕ್ ಹೊಂದಿಸಿಕೊಂಡ ಬಗೆ

ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲಿನ ಸಂಶೋಧನಾ ಕೆಲಸದ ಒಪ್ಪಂದ, ಸಾಮಾನ್ಯವಾಗಿ ಎರಡು ಮೂರು ವರ್ಷದ್ದು. ಬ್ಯಾಕ್ಟೀರಿಯಾ ಜೊತೆ ಕೆಲಸ ಮಾಡುವವರಿಗೆ ಅಷ್ಟು ಸಮಯದಲ್ಲಿ ಸಾವಿರಾರು ಪೀಳಿಗೆಗಳು ಸಿಗುತ್ತವೆ. ಗಿಡದವರಿಗೆ ಬೆರಳೆಣಿಕೆಯಷ್ಟು. ಸಸ್ಯ ಜೈವಿಕ ತಂತ್ರಜ್ಞಾನದಲ್ಲಿ ಪೋಸ್ಟ್‌ಡಾಕ್ ಮಾಡುವುದು ಹೇಗೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ನಿಮ್ಮ ಗಿಡ ಬೀಜದಿಂದ ಬೀಜಕ್ಕೆ ಬರಲು ಎಷ್ಟು ಸಮಯ ಬೇಕು ಅಂತ ಲೆಕ್ಕ ಹಾಕಿ, ಉಳಿದದ್ದೆಲ್ಲ ಆಮೇಲೆ.

ನಾನು ಮಾಡಿದ್ದು ಭತ್ತದಲ್ಲಿ ಕ್ರಿಸ್ಪರ್ ಕೆಲಸ, ಅಂದರೆ ಆರಿಸಿದ ಜೀನನ್ನು ಕತ್ತರಿಸಿ ಬದಲಿಸುವ ಜೀನ್ ಎಡಿಟಿಂಗ್. ವಿಷಯ, ಎಲೆಯ ಪತ್ರರಂಧ್ರಗಳು. ಗಿಡ ಈ ಸಣ್ಣ ರಂಧ್ರಗಳ ಮೂಲಕವೇ ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಳ್ಳುತ್ತದೆ, ಅವುಗಳ ಮೂಲಕವೇ ನೀರನ್ನೂ ಕಳೆದುಕೊಳ್ಳುತ್ತದೆ. ರಂಧ್ರ ಕಡಿಮೆಯಾದರೆ ನೀರು ಉಳಿಯುತ್ತದೆ. ಆದರೆ ತೀರಾ ಕಡಿಮೆಯಾದರೆ ಗಿಡಕ್ಕೆ ಇಂಗಾಲ ಸಾಲದು, ಬಿಸಿಲಿನಲ್ಲಿ ಎಲೆ ತಂಪಾಗುವುದೂ ಇಲ್ಲ. ಎಷ್ಟು ರಂಧ್ರ ಇರಬೇಕು ಅನ್ನುವುದನ್ನು ಎಲೆ ಬೆಳೆಯುವಾಗಲೇ ಕೆಲವು ಪೆಪ್ಟೈಡ್‌ಗಳು (ಪುಟ್ಟ ಪ್ರೊಟೀನ್‌ಗಳು) ತೀರ್ಮಾನಿಸುತ್ತವೆ. ಇಪಿಎಫ್1, ಇಪಿಎಫ್2 ರಂಧ್ರ ಕಡಿಮೆ ಮಾಡಿದರೆ, ಸ್ಟೊಮಜೆನ್ ಅನ್ನುವ ಇಪಿಎಫ್ಎಲ್9 ಜಾಸ್ತಿ ಮಾಡುತ್ತದೆ. ಭತ್ತದಲ್ಲಿ ಸ್ಟೊಮಜೆನ್ ಜೀನನ್ನು ಕೆಡಿಸಿದರೆ ರಂಧ್ರಗಳು ತೀವ್ರವಾಗಿ ಇಳಿಯುತ್ತವೆ ಅಂತ 2017ರಲ್ಲೇ ತೋರಿಸಲಾಗಿತ್ತು. ಅದರ ಹತ್ತಿರದ ಸಂಬಂಧಿ ಇಪಿಎಫ್ಎಲ್10. ಇದನ್ನು ಕೆಡಿಸಿದರೆ ಇಳಿಕೆ ಹದವಾಗಿರುತ್ತದೆ, ಗಿಡ ಇಂಗಾಲ ಪಡೆಯುವುದಕ್ಕೂ ಎಲೆಯ ತಂಪಿಗೂ ಅಷ್ಟಾಗಿ ತೊಂದರೆ ಆಗುವುದಿಲ್ಲ. ಈ 'ಹದ' ಅನ್ನುವುದೇ ನನ್ನನ್ನು ಹಿಡಿದಿಟ್ಟ ಪ್ರಶ್ನೆ.

ಕೆಲಸಕ್ಕೆ ಸೇರಿದ ಕೂಡಲೇ ದೊಡ್ಡದೊಂದು ಹಾಳೆಯಲ್ಲಿ ತಿಂಗಳುಗಳನ್ನು ಬರೆದುಕೊಂಡೆ. ಭತ್ತದ ಕಾಳಿನಿಂದ ಕ್ಯಾಲಸ್ (ಬೇರು, ಎಲೆ ಅಂತ ಇನ್ನೂ ಬೇರ್ಪಡದ ಜೀವಕೋಶಗಳ ಮುದ್ದೆ) ಬರಿಸಲು ಮೂರು ನಾಲ್ಕು ವಾರ. ಗಿಡದೊಳಗೆ ಡಿಎನ್‌ಎ ಸೇರಿಸುವ ಅಗ್ರೋಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ ಜೊತೆ ಎರಡು ಮೂರು ದಿನ. ಆ ಡಿಎನ್‌ಎ ಸೇರದ ಜೀವಕೋಶಗಳನ್ನು ಕೊಲ್ಲುವ ಹೈಗ್ರೋಮೈಸಿನ್ ಮೇಲೆ ಆಯ್ಕೆಗೆ ಸುಮಾರು ನಾಲ್ಕು ವಾರ. ಚಿಗುರಿಗೆ ಇನ್ನೊಂದು ತಿಂಗಳು, ಬೇರಿಗೆ ಎರಡು ವಾರ. ಕುಂಡಕ್ಕೆ ಹೋದ ಮೇಲೆ ಬೀಜ ಬಲಿಯಲು ಮತ್ತೆ ಮೂರು ನಾಲ್ಕು ತಿಂಗಳು. ಇಷ್ಟಾದರೂ ಕೈಗೆ ಬಂದಿರುವುದು ಟಿ0, ಅಂದರೆ ಕ್ಯಾಲಸ್‌ನಿಂದ ನೇರ ಎದ್ದ ಗಿಡದ ಬೀಜ ಮಾತ್ರ. ನಂಬಿಕೊಂಡು ಅಳತೆ ಮಾಡಬೇಕಾದರೆ ಟಿ2, ಅಂದರೆ ಅದರ ಮೊಮ್ಮಕ್ಕಳ ಪೀಳಿಗೆ, ಬೇಕು. ಅಂದರೆ ಎಲ್ಲವೂ ಸರಿಯಾಗಿ ನಡೆದರೂ ಒಂದೂವರೆ ವರ್ಷ ಹೋಯಿತು. ಅದಕ್ಕೇ ನಾನು ಕಿಟಾಕೆ ತಳಿ ಆರಿಸಿಕೊಂಡೆ. ಅದು ಬೀಜದಿಂದ ಬೀಜಕ್ಕೆ ಸುಮಾರು ಒಂಬತ್ತು ವಾರದಲ್ಲಿ ಬರುತ್ತದೆ. ಹಗಲಿನ ಉದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಟಿಶ್ಯೂ ಕಲ್ಚರ್‌ಗೂ ಚೆನ್ನಾಗಿ ಒಗ್ಗುತ್ತದೆ. ರೈತರು ಬೆಳೆಯುವ ಇಂಡಿಕಾ ತಳಿಗಳಲ್ಲೇ ಮಾಡಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಅವುಗಳಲ್ಲಿ ಹಲವು ಕ್ಯಾಲಸ್‌ನಿಂದ ಸುಲಭವಾಗಿ ಚಿಗುರುವುದಿಲ್ಲ. ಪ್ರಶ್ನೆಗೆ ಉತ್ತರ ಮೊದಲು ಕಿಟಾಕೆಯಲ್ಲಿ, ತಳಿ ಆಮೇಲೆ. ನನ್ನ ಮಟ್ಟಿಗೆ ಇದು ಸರಿಯಾದ ಕ್ರಮ.

ಆ ಹಾಳೆಯನ್ನು ಇಟ್ಟುಕೊಂಡೇ ಲ್ಯಾಬ್ ಮುಖ್ಯಸ್ಥರ ಜೊತೆ ಕೂತು ಮಾತಾಡಿದೆ. ಇದನ್ನು ಮೊದಲ ತಿಂಗಳಲ್ಲೇ ಮಾಡಬೇಕು. ಪೇಪರ್‌ನಲ್ಲಿ ಯಾರ ಹೆಸರು ಎಲ್ಲಿ, ಲ್ಯಾಬ್ ಬಿಡುವಾಗ ಈ ಕೆಲಸದ ಯಾವ ಭಾಗವನ್ನು ನಾನು ನನ್ನ ಜೊತೆ ಕೊಂಡೊಯ್ಯಬಹುದು, ಈ ಯೋಜನೆ ಫಲ ಕೊಡದಿದ್ದರೆ ಎರಡನೆಯದು ಯಾವುದು, ಎಲ್ಲವನ್ನೂ ಕೇಳಿದೆ. ಕೇಳಲು ಮುಜುಗರ ಆಗುತ್ತದೆ, ನಿಜ. ಆದರೆ ಫಲಿತಾಂಶ ಇನ್ನೂ ಯಾರ ಕೈಯಲ್ಲೂ ಇಲ್ಲದಿದ್ದಾಗ ಇಬ್ಬರೂ ಉದಾರವಾಗಿ ಮಾತಾಡುತ್ತಾರೆ. ಒಪ್ಪಿಕೊಂಡದ್ದನ್ನು ಅವತ್ತೇ ಒಂದು ಇಮೇಲ್‌ನಲ್ಲಿ ಬರೆದು ಕಳಿಸಿದೆ.

ಇನ್ನು ಕ್ಯಾಲಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕೆಂದರೆ ಜೀನ್ ಎಡಿಟಿಂಗ್ ಬಗ್ಗೆ ಮಾತಾಡುವವರೆಲ್ಲ ಇದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ. ಡಿಎನ್‌ಎಯನ್ನು ಎಲ್ಲಿ ಕತ್ತರಿಸಬೇಕು ಅಂತ ತೋರಿಸುವ ಗೈಡ್ ಆರ್‌ಎನ್‌ಎ ವಿನ್ಯಾಸ ಒಂದು ಮಧ್ಯಾಹ್ನದ ಕೆಲಸ. ಗುರಿಯ ಪಕ್ಕದಲ್ಲಿ ಎನ್‌ಜಿಜಿ (ಯಾವುದಾದರೂ ಒಂದು ಅಕ್ಷರ, ಆಮೇಲೆ ಎರಡು ಜಿ) ಇರುವ ಡಿಎನ್‌ಎಯ ಇಪ್ಪತ್ತು ಅಕ್ಷರಗಳನ್ನು ಹುಡುಕಬೇಕು, ಅಂಥದ್ದೇ ಜಾಗ ಜೀನೋಮ್‌ನಲ್ಲಿ ಬೇರೆಲ್ಲೂ ಇಲ್ಲ ಅಂತ ನೋಡಬೇಕು, ಅಷ್ಟೇ. ಎಡಿಟ್ ಆದ ಒಂದು ಜೀವಕೋಶದಿಂದ ಇಡೀ ಗಿಡ ಎಬ್ಬಿಸುವುದೇ ಕಷ್ಟದ ಕೆಲಸ. ಒಂದೇ ಜೀವಕೋಶದಿಂದ ಗಿಡ ಬೆಳೆಸಬಹುದು ಅನ್ನುವ ಕಲ್ಪನೆಯನ್ನು ಹಾಬರ್‌ಲ್ಯಾಂಟ್ 1902ರಲ್ಲೇ ಮುಂದಿಟ್ಟಿದ್ದರು. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್, ಆಕ್ಸಿನ್ ಮತ್ತು ಸೈಟೊಕೈನಿನ್ ಅನ್ನುವ ಸಸ್ಯ ಹಾರ್ಮೋನುಗಳ ಅನುಪಾತ ಬದಲಿಸಿದರೆ ಬೇರು ಬೇಕಾದರೆ ಬೇರು, ಚಿಗುರು ಬೇಕಾದರೆ ಚಿಗುರು ಬರುತ್ತದೆ ಅಂತ ತೋರಿಸಿದರು. ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ಕೊಟ್ಟ ಎಂಎಸ್ ಮಾಧ್ಯಮವನ್ನು (ಜೀವಕೋಶ ಬೆಳೆಸುವ ಪೋಷಕಾಂಶಗಳ ಮಿಶ್ರಣವನ್ನು) ಇವತ್ತಿಗೂ ಜಗತ್ತಿನ ಎಲ್ಲ ಕಡೆ ದಿನಾ ಕರಗಿಸುತ್ತಿದ್ದಾರೆ. ಅಷ್ಟು ಹಳೆಯ ತಳಪಾಯದ ಮೇಲೆ ನಿಂತೇ ನಾವು ಕ್ರಿಸ್ಪರ್ ಮಾಡುತ್ತಿರುವುದು.

ಭತ್ತದ ಕಾಳಿನ ಹೊಟ್ಟು ಬಿಡಿಸಿ, ಆಲ್ಕೋಹಾಲ್ ಮತ್ತು ಬ್ಲೀಚ್‌ನಲ್ಲಿ ತೊಳೆದು, ಆಕ್ಸಿನ್‌ನಂತೆ ಕೆಲಸ ಮಾಡುವ 2,4-ಡಿ ಇರುವ, ಎನ್6 ಅನ್ನುವ ಮಾಧ್ಯಮದ ಮೇಲೆ ಇಡುತ್ತಿದ್ದೆ. ಪಿಎಚ್ 5.8, ಆಟೋಕ್ಲೇವ್ 121 ಡಿಗ್ರಿ. ಇದೆಲ್ಲ ಪ್ರೊಟೊಕಾಲ್‌ನಲ್ಲಿ ಇರುತ್ತದೆ. ಯಾವ ಕ್ಯಾಲಸ್ ಇಟ್ಟುಕೊಳ್ಳಬೇಕು, ಯಾವುದನ್ನು ಬಿಸಾಡಬೇಕು ಅನ್ನುವುದು ಅಲ್ಲಿ ಇರುವುದಿಲ್ಲ. ತಿಳಿ ಹಳದಿ ಬಣ್ಣ, ಒಣಗಿದಂತೆ ಕಾಣುವ ಮೈ, ಮುಟ್ಟಿದರೆ ಸಣ್ಣ ಸಣ್ಣ ಉಂಡೆಯಾಗಿ ಬಿಡಿಬಿಡಿಯಾಗುವುದು ಒಳ್ಳೆಯದು. ಬೆಳ್ಳಗೆ, ಮೆತ್ತಗೆ, ನೀರು ನೀರಾಗಿರುವುದು ಎಷ್ಟೇ ದೊಡ್ಡದಾಗಿ ಬೆಳೆದಿದ್ದರೂ ಬೇಡ. ಕಂದು ತಿರುಗಿದ್ದೂ ಬೇಡ. ನನಗೆ ಇದು ಕಣ್ಣಿಗೆ ಹತ್ತಿದ್ದು ವರ್ಷಗಳಿಂದ ಅದೇ ಕೆಲಸ ಮಾಡುತ್ತಿದ್ದ ತಂತ್ರಜ್ಞೆಯೊಬ್ಬರ ಪಕ್ಕ ಕೂತು ನೋಡಿದಾಗ. ಅವರು ಪ್ಲೇಟ್ ಮುಚ್ಚಳ ತೆಗೆಯುವ ಮುಂಚೆಯೇ ಹೇಳಿಬಿಡುತ್ತಿದ್ದರು. ಹೊಸ ಲ್ಯಾಬ್‌ಗೆ ಹೋದವರು ಅಂಥವರನ್ನು ಹುಡುಕಿ, ಅವರ ಸಮಯ ಕೇಳಿ, ಪೇಪರ್‌ನಲ್ಲಿ ಅವರ ಹೆಸರೂ ಇರುವಂತೆ ನೋಡಿಕೊಳ್ಳಿ. ಅದು ಅವರಿಗೆ ಸಲ್ಲಬೇಕಾದದ್ದು.

ಅಗ್ರೋಬ್ಯಾಕ್ಟೀರಿಯಂ ಪ್ರಕೃತಿಯಲ್ಲಿ ಭತ್ತದಂಥ ಏಕದಳ ಗಿಡಗಳಿಗೆ ಅಂಟುವುದು ಕಷ್ಟ. ಗಾಯವಾದ ಗಿಡ ಬಿಡುವ ಫಿನಾಲ್ ವಸ್ತುಗಳ ಸುಳಿವು ಸಿಕ್ಕರೆ ಮಾತ್ರ ಅದು ತನ್ನ ಡಿಎನ್‌ಎ ತುಂಡನ್ನು ಒಳಗೆ ಸೇರಿಸುತ್ತದೆ. ಆ ಸುಳಿವನ್ನು ಅಸಿಟೊಸಿರಿಂಗೋನ್ ರೂಪದಲ್ಲಿ ನಾವೇ ಮಾಧ್ಯಮಕ್ಕೆ ಹಾಕುತ್ತೇವೆ. 1994ರಲ್ಲಿ ಜಪಾನಿನ ಹಿಯೆಯಿ ಮತ್ತು ಜೊತೆಗಾರರು ಜಪಾನಿಕಾ ಭತ್ತದಲ್ಲಿ ಈ ದಾರಿ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ತೋರಿಸಿದ ಮೇಲೆ ಧಾನ್ಯಗಳ ಕೆಲಸದ ದಿಕ್ಕೇ ಬದಲಾಯಿತು. ಆಮೇಲೆ ಆ ಬ್ಯಾಕ್ಟೀರಿಯಾವನ್ನು ತೊಳೆದು ಕಳಿಸುವುದು ಇನ್ನೊಂದು ಕೆಲಸ. ಸಿಫೊಟ್ಯಾಕ್ಸಿಮ್ ಅಥವಾ ಟಿಮೆಂಟಿನ್‌ನಂಥ ಆಂಟಿಬಯೋಟಿಕ್ ಇದ್ದರೂ ಕ್ಯಾಲಸ್ ಸುತ್ತ ಲೋಳೆ ಕಾಣಿಸಿತು ಅಂದರೆ ಆ ಪ್ಲೇಟ್ ಮೇಲೆ ಆಸೆ ಇಟ್ಟುಕೊಳ್ಳಬಾರದು. ನನ್ನ ಅನುಭವದಲ್ಲಿ ಬ್ಯಾಕ್ಟೀರಿಯಾದಿಂದ ತೆಗೆದ ಮೇಲೆ ಕ್ಯಾಲಸನ್ನು ಸ್ಟೆರೈಲ್ ಫಿಲ್ಟರ್ ಕಾಗದದ ಮೇಲೆ ಚೆನ್ನಾಗಿ ಒಣಗಿಸುವುದು ಆಂಟಿಬಯೋಟಿಕ್‌ನಷ್ಟೇ ಮುಖ್ಯ. ಒದ್ದೆ ಉಳಿದರೆ ಬ್ಯಾಕ್ಟೀರಿಯಾ ಗೆಲ್ಲುತ್ತದೆ.

ಚಿಗುರು ಬಂದ ಮೇಲೆ ಲೆಕ್ಕದ ಕೆಲಸ. ಪ್ರತಿ ಟಿ0 ಗಿಡದ ಎಲೆಯಿಂದ ಡಿಎನ್‌ಎ ತೆಗೆದು, ಗುರಿಯ ಜಾಗವನ್ನು ಪಿಸಿಆರ್ ಮಾಡಿ ಸೀಕ್ವೆನ್ಸ್‌ಗೆ ಕಳಿಸುತ್ತಿದ್ದೆ. ಒಂದು ಅಕ್ಷರ ಸೇರಿದ್ದರೆ ಅಥವಾ ಹೋಗಿದ್ದರೆ ಪ್ರೊಟೀನ್ ಓದು ಕೆಡುತ್ತದೆ. ಮೂರು ಹೋಗಿದ್ದರೆ ಒಂದು ಅಮೈನೊ ಆಮ್ಲ ಮಾತ್ರ ಬಿಟ್ಟು ಓದು ಮುಂದುವರಿಯಬಹುದು, ಅಂಥ ಗಿಡ ನಮಗೆ ಉಪಯೋಗವಿಲ್ಲ. ಮುಂದಿನ ಪೀಳಿಗೆಯಲ್ಲಿ, ಡಿಎನ್‌ಎ ಕತ್ತರಿಸುವ ಪ್ರೊಟೀನಾದ ಕ್ಯಾಸ್9ರ ಜೀನ್ ಇಲ್ಲದ, ಆದರೆ ಎಡಿಟ್ ಉಳಿದ ಗಿಡ ಬೇಕು. ಟಿ0 ಗಿಡದಲ್ಲಿ ಗುರಿಯ ಜೀನಿನ ಎರಡೂ ಪ್ರತಿಗಳು ಎಡಿಟ್ ಆಗಿದ್ದು, ಕ್ಯಾಸ್9 ಒಂದೇ ಜಾಗದಲ್ಲಿ ಕೂತಿದ್ದರೆ, ನಾಲ್ಕರಲ್ಲಿ ಒಂದು ಮೊಳಕೆ ನಮಗೆ ಬೇಕಾದ್ದು. ಹನ್ನೊಂದು ಬೀಜ ಹಾಕಿದರೆ ಕನಿಷ್ಠ ಒಂದು ಸಿಗುವ ಸಾಧ್ಯತೆ ಶೇ. 95ಕ್ಕಿಂತ ಜಾಸ್ತಿ. ಒಂದೇ ಪ್ರತಿ ಎಡಿಟ್ ಆಗಿದ್ದರೆ ಹದಿನಾರರಲ್ಲಿ ಒಂದು, ಅಷ್ಟೇ ಖಾತರಿಗೆ ಸುಮಾರು 47 ಬೀಜ ಬೇಕು. ಈ ಲೆಕ್ಕ ಮೊದಲೇ ಮಾಡಿಕೊಂಡರೆ ಗ್ರೋತ್ ಚೇಂಬರ್‌ನಲ್ಲಿ ಎಷ್ಟು ಜಾಗ ಕೇಳಬೇಕು ಅನ್ನುವುದು ಗೊತ್ತಾಗುತ್ತದೆ. ಚೇಂಬರ್ ಜಾಗಕ್ಕೆ ಎಲ್ಲ ಲ್ಯಾಬ್‌ನಲ್ಲೂ ಪೈಪೋಟಿ ಇದ್ದೇ ಇರುತ್ತದೆ, ಅಲ್ವಾ?

ಕಂಟ್ರೋಲ್ ಗಿಡದ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಮೂಲ ತಳಿಯ ಬೀಜ ಬಿತ್ತಿ ಅದನ್ನು ಎಡಿಟ್ ಆದ ಗಿಡಕ್ಕೆ ಹೋಲಿಸಿದರೆ ಸಾಲದು. ಟಿಶ್ಯೂ ಕಲ್ಚರ್‌ನಲ್ಲಿ ತಿಂಗಳುಗಟ್ಟಲೆ ಇದ್ದು ಬಂದ ಗಿಡದಲ್ಲಿ ಅದರಿಂದಲೇ ಬದಲಾವಣೆಗಳು ಆಗಿರುತ್ತವೆ. ಎತ್ತರ, ತೆಂಡೆಗಳ ಸಂಖ್ಯೆ, ಕಾಳು ಕಟ್ಟುವುದು, ಎಲ್ಲದರಲ್ಲೂ ವ್ಯತ್ಯಾಸ ಬರಬಹುದು. ಹಾಗಾಗಿ ಅದೇ ದಾರಿಯಲ್ಲಿ ಬಂದು, ಎಡಿಟ್ ಆಗದೆ ಉಳಿದ ಗಿಡಗಳ ಸಂತತಿಯನ್ನೂ ಪಕ್ಕದಲ್ಲೇ ಬೆಳೆಸುತ್ತಿದ್ದೆ. ಬೇರೆ ಬೇರೆ ಟಿ0 ಗಿಡಗಳಿಂದ ಬಂದ ಕನಿಷ್ಠ ಎರಡು ಸಾಲುಗಳಲ್ಲಿ (ಸಂತತಿಗಳಲ್ಲಿ) ಒಂದೇ ಗುಣ ಕಾಣದಿದ್ದರೆ ಅದನ್ನು ಜೀನ್‌ನ ಪರಿಣಾಮ ಅಂತ ಕರೆಯುತ್ತಿರಲಿಲ್ಲ.

ರಂಧ್ರ ಎಣಿಸುವುದಕ್ಕೆ ದೊಡ್ಡ ಯಂತ್ರ ಬೇಡ. ಹಲ್ಲಿನ ವೈದ್ಯರು ಅಚ್ಚು ತೆಗೆಯಲು ಬಳಸುವ ರಾಳವನ್ನು ಎಲೆಗೆ ಒತ್ತಿ, ಆ ಅಚ್ಚಿನ ಮೇಲೆ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಿ, ಒಣಗಿದ ಪೊರೆಯನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ರಂಧ್ರಗಳು ಸಾಲಾಗಿ ಕಾಣುತ್ತವೆ. ಶಿಸ್ತು ಬೇಕಾಗುವುದು ಬೇರೆ ಕಡೆ. ಪ್ರತಿ ಗಿಡದಲ್ಲೂ ಅದೇ ಕ್ರಮಾಂಕದ ಎಲೆ, ಎಲೆಯ ಅದೇ ಭಾಗ. ಎಣಿಸುವವರಿಗೆ ಯಾವುದು ಯಾವ ಗಿಡದ್ದು ಅಂತ ಗೊತ್ತಿರಬಾರದು, ಅದಕ್ಕೆ ಸ್ಲೈಡ್‌ಗಳ ಹೆಸರನ್ನು ಇನ್ನೊಬ್ಬರ ಕೈಯಲ್ಲಿ ಬದಲು ಮಾಡಿಸುತ್ತಿದ್ದೆ. ಅನಿಲ ವಿನಿಮಯ ಅಳೆಯುವುದಂತೂ ಬೆಳಗಿನ ಹೊತ್ತಿನ ಕೆಲಸ. ಮಧ್ಯಾಹ್ನ ಬಿಸಿಲೇರಿದರೆ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಆಗ ಅಳೆದದ್ದು ಗಿಡದ ಗುಣವೋ ಮಧ್ಯಾಹ್ನದ ಗುಣವೋ ಹೇಳಲಾಗುವುದಿಲ್ಲ.

ಬೀಜ ಬಲಿಯುವ ತನಕ ಸುಮ್ನೆ ಕೂರುವ ಹಾಗಿಲ್ಲ. ನಾನು ಯಾವಾಗಲೂ ಬೇರೆ ಬೇರೆ ವೇಗದ ಕೆಲಸಗಳನ್ನು ಜೊತೆಯಲ್ಲಿ ಇಟ್ಟುಕೊಂಡೆ. ಹೊಸ ಗೈಡ್ ಕತ್ತರಿಸುತ್ತದೋ ಇಲ್ಲವೋ ಅಂತ ಮೊದಲು ಪ್ರೊಟೊಪ್ಲಾಸ್ಟ್‌ನಲ್ಲಿ (ಗೋಡೆ ಕರಗಿಸಿದ ಜೀವಕೋಶದಲ್ಲಿ) ನೋಡಿದರೆ ಎರಡು ಮೂರು ದಿನದಲ್ಲಿ ಉತ್ತರ. ಪ್ರೊಟೀನ್ ಜೀವಕೋಶದಲ್ಲಿ ಎಲ್ಲಿ ಕೂರುತ್ತದೆ ಅಂತ ತಂಬಾಕಿನ ಸಂಬಂಧಿಯಾದ ನಿಕೊಟಿಯಾನ ಬೆಂತಾಮಿಯಾನ ಎಲೆಯಲ್ಲಿ ನೋಡಿದರೆ ಅಲ್ಲೂ ಹಾಗೆಯೇ. ಅರಬಿಡಾಪ್ಸಿಸ್ ಅನ್ನುವ, ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲಾದರೆ ಟಿಶ್ಯೂ ಕಲ್ಚರ್ ಗೊಡವೆಯೇ ಇಲ್ಲ. 1998ರಿಂದ ಎಲ್ಲರೂ ಬಳಸುವ ವಿಧಾನದಂತೆ ಹೂವನ್ನು ಬ್ಯಾಕ್ಟೀರಿಯಾ ದ್ರಾವಣದಲ್ಲಿ ಅದ್ದಿದರೆ ಸಾಕು, ಬೀಜದಲ್ಲೇ ಬದಲಾವಣೆ ಬರುತ್ತದೆ. ಒಂದು ವಾರದ ಕೆಲಸ, ಒಂದು ಋತುವಿನ ಕೆಲಸ, ಒಂದು ವರ್ಷದ ಕೆಲಸ ಮೂರೂ ಒಟ್ಟಿಗೆ ನಡೆಯುತ್ತಿದ್ದರೆ ಮನಸ್ಸು ಕುಗ್ಗುವುದಿಲ್ಲ. ಬರವಣಿಗೆಯೂ ಹಾಗೆಯೇ. ವಿಧಾನಗಳ ಭಾಗವನ್ನು ಕೆಲಸ ನಡೆಯುವಾಗಲೇ ಬರೆದಿಟ್ಟೆ. ಮಾಧ್ಯಮದ ಅಳತೆ ಆಗ ಬೆರಳ ತುದಿಯಲ್ಲಿ ಇರುತ್ತದೆ.

ಒಮ್ಮೆ ನಮ್ಮದೇ ಪ್ರಶ್ನೆಗೆ ಹತ್ತಿರದ ಕೆಲಸವನ್ನು ಇನ್ನೊಂದು ಗುಂಪು ಮೊದಲು ಪ್ರಕಟಿಸಿತು. ತುಂಬಾ ನೋವಾಯಿತು. ಆದರೆ ಅವರ ಪೇಪರನ್ನು ಸಾವಧಾನವಾಗಿ ಓದಿದಾಗ, ಅವರು ಬರವನ್ನು ನೋಡಿದ್ದರು, ಬಿಸಿಯನ್ನು ನೋಡಿರಲಿಲ್ಲ ಅಂತ ಕಂಡಿತು. ನಮ್ಮ ಗಿಡಗಳು ಆಗಲೇ ಕುಂಡದಲ್ಲಿದ್ದವು. ಥರ್ಮಲ್ ಕ್ಯಾಮೆರಾ ತಂದು ಎಲೆಯ ಉಷ್ಣಾಂಶ ಅಳೆಯಲು ಶುರು ಮಾಡಿದೆವು. ಬೇರೆಯವರ ಫಲಿತಾಂಶ ನಮ್ಮದರ ಜೊತೆ ಹೊಂದಿದ್ದು ನನ್ನ ಅಂಕಿಗಳ ಮೇಲೆ ನನಗಿದ್ದ ನಂಬಿಕೆಯನ್ನೂ ಗಟ್ಟಿ ಮಾಡಿತು.

ಲ್ಯಾಬ್ ಬಿಡುವ ಹಂತದ ಕೆಲಸಕ್ಕೆ ಕೊನೆಯ ಆರು ತಿಂಗಳನ್ನಾದರೂ ಎತ್ತಿಡಬೇಕು. ಒಂದು ಕಡೆ ಅರ್ಜಿಗಳು. ಸ್ವಂತ ಲ್ಯಾಬ್‌ಗೆ ಅರ್ಜಿ ಹಾಕುವಾಗ ನಾನು ಏನು ಮಾಡಿದ್ದೆ ಅನ್ನುವುದಕ್ಕಿಂತ ಮುಂದಿನ ಐದು ವರ್ಷದ ಪ್ರಶ್ನೆ ಯಾವುದು ಅನ್ನುವುದನ್ನೇ ಕೇಳಿದರು. ಇನ್ನೊಂದು ಕಡೆ ಬೀಜ. ಪ್ರತಿ ಸಾಲಿನ ಬೀಜಕ್ಕೂ ಲಕೋಟೆ, ಲಕೋಟೆ ಮೇಲೆ ಪೆನ್ಸಿಲ್ ಬರಹ, ಯಾಕೆಂದರೆ ಪೆನ್ನಿನ ಶಾಯಿ ಆಲ್ಕೋಹಾಲ್ ತಾಗಿದರೆ ಅಳಿಸಿಹೋಗುತ್ತದೆ. ತಾಯಿ ಗಿಡ ಯಾವುದು, ಯಾವ ಪೀಳಿಗೆ, ಎಡಿಟ್ ಏನು, ಕ್ಯಾಸ್9 ಇದೆಯೋ ಇಲ್ಲವೋ, ಕೊಯ್ದ ದಿನ ಯಾವುದು, ಎಲ್ಲ ಒಂದು ಪಟ್ಟಿಯಲ್ಲಿ. ಪಟ್ಟಿಗೆ ಸೇರದ ಗಿಡ, ಮಣ್ಣು, ಬೇಡದ ಬೀಜ ಎಲ್ಲವನ್ನೂ ಜೈವಿಕ ಸುರಕ್ಷತೆಯ ನಿಯಮದಂತೆ ಆಟೋಕ್ಲೇವ್ ಮಾಡಿ, ದಾಖಲೆಗೆ ಸಹಿ ಹಾಕಿಸಿದೆ. ನನ್ನ ಜಾಗಕ್ಕೆ ಬರುವ ವಿದ್ಯಾರ್ಥಿನಿಗೆ ಆ ಪಟ್ಟಿ ಕೊಟ್ಟು, ಅದರಲ್ಲಿದ್ದ ಮೂರು ಸಾಲುಗಳನ್ನು ಅವಳ ಕೈಯಲ್ಲೇ ಮತ್ತೆ ಮೊಳಕೆ ಬರಿಸಿ, ಪಿಸಿಆರ್ ಮಾಡಿಸಿದೆ. ಮೂರರಲ್ಲೂ ಪಟ್ಟಿಯಲ್ಲಿ ಬರೆದಿದ್ದ ಎಡಿಟ್‌ಗಳೇ ಸಿಕ್ಕವು. ಆಮೇಲೆ ಫ್ರಿಡ್ಜ್‌ನ ಬೀಗದ ಕೈ ಅವಳಿಗೆ ಕೊಟ್ಟೆ.